ಸಹಾಯ ಬೇಕು: ಫ್ಲಾಗ್‌ಸ್ಟಾಫ್ ಪೈನ್ ಕಾಡಲ್ಲಿ ಎರಡು ರಾತ್ರಿ ಟೆಂಟ್

ಎಲ್ಲರಿಗೂ ನಮಸ್ಕಾರ. ಇಲ್ಲಿ ಅಮೆರಿಕದ ಅರಿಜೋನಾದಲ್ಲಿ, ಫೀನಿಕ್ಸ್ ಬಿಸಿಲು ತಡೆಯೋಕಾಗದೆ ಜುಲೈ ಕೊನೆಗೆ ಫ್ಲಾಗ್‌ಸ್ಟಾಫ್ ಊರಿನ ಸುತ್ತಲಿರುವ ಕೊಕೊನಿನೊ ಕಾಡಿಗೆ ಹೊರಟಿದ್ದೇವೆ. ಸುಮಾರು 7,000 ಅಡಿ ಎತ್ತರ. ನಲ್ಲಿ, ಶೌಚಾಲಯ ಏನೂ ಇಲ್ಲದ ಜಾಗ. ಊರಿಂದ ಬಂದಿರುವ ಅಪ್ಪನೂ ಜೊತೆಗಿರುತ್ತಾರೆ, ವಯಸ್ಸು 68. ಹೋದ ವರ್ಷ ಅಲ್ಲಿ ಪಾಂಡೆರೋಸಾ ಪೈನ್ ತೊಗಟೆಯ ಬಿರುಕಿಗೆ ಮೂಗಿಟ್ಟರೆ ವೆನಿಲಾ ಪರಿಮಳ! ಅದನ್ನು ಅಪ್ಪನಿಗೂ ತೋರಿಸಬೇಕು ಅಂತ ತುಂಬಾ ಆಸೆ.

ಆಗ ಅನ್ನ ಮಾತ್ರ ಕೆಟ್ಟಿತ್ತು. ಅಷ್ಟು ಎತ್ತರದಲ್ಲಿ ನೀರು ಸುಮಾರು 93 ಡಿಗ್ರಿಗೇ ಕುದಿಯುತ್ತದೆ, ಅಗುಳು ಗಟ್ಟಿಯಾಗೇ ಉಳಿಯಿತು. ಈ ಸಲ ಕುಕ್ಕರ್ ಒಯ್ಯುತ್ತೇನೆ.

ನಾಲ್ಕು ಜನಕ್ಕೆ ಎಷ್ಟು ಲೀಟರ್ ನೀರು ಬೇಕಾಗಬಹುದು? ರಾತ್ರಿ ನೆಲದ ಥಂಡಿ ಏರದಂತೆ ಅಪ್ಪನಿಗೆ ಏನು ಹಾಸಲಿ? ಮಧ್ಯಾಹ್ನ ಸಿಡಿಲು ಜಾಸ್ತಿ ಅಲ್ವಾ, ಕಾರಿನ ಪಕ್ಕದಲ್ಲೇ ಟೆಂಟ್ ಹಾಕುವಂಥ ಜಾಗ ಗೊತ್ತಿದ್ದವರು ದಯವಿಟ್ಟು ಹೇಳಿ.