ಕುಡಿತ ಬಿಟ್ಟವರು ಮದುವೆ ಮನೆಯಲ್ಲಿ ಯಾಕೆ ಜಾರುತ್ತಾರೆ?

ಪ್ರಶ್ನೆ (ವಿರಾಜಪೇಟೆ)
ಅಣ್ಣ ಚಿಕಿತ್ಸೆ ತಗೊಂಡು ಮಳೆಗಾಲ ಪೂರ್ತಿ ಒಂದು ಹನಿ ಮುಟ್ಟಲಿಲ್ಲ. ತೋಟದ ಕೆಲಸ, ಊಟ, ನಿದ್ದೆ ಎಲ್ಲ ಸರಿಯಿತ್ತು. ಮೊನ್ನೆ ಗೋಣಿಕೊಪ್ಪದಲ್ಲಿ ನೆಂಟರ ಮದುವೆ. ಹಳೇ ಗೆಳೆಯರು, ಪಂದಿಕರಿ ವಾಸನೆ, ಗ್ಲಾಸುಗಳ ಸದ್ದು, ಅಷ್ಟೇ, ಮತ್ತೆ ಶುರು. "ಕುಡಿದರೆ ಖುಷಿಯೂ ಇಲ್ಲ, ಆದ್ರೂ ಬೇಕು ಅನ್ನಿಸುತ್ತದೆ" ಅಂತ ಅಳುತ್ತಾನೆ. ಮನೆಯವರು ಛಲ ಇಲ್ಲದವನು ಅಂತ ಬೈಯುತ್ತಾರೆ. ಮಿದುಳಲ್ಲಿ ನಿಜವಾಗಿ ಏನಾದರೂ ಆಗಿರುತ್ತದಾ?

ಉತ್ತರ 1 (ಮಡಿಕೇರಿ, ನರ್ಸ್)
ಖಂಡಿತ ಆಗಿರುತ್ತದೆ. ನಿಮ್ಮಣ್ಣ ಸರಿಯಾಗೇ ಹೇಳಿದ್ದಾರೆ, ಖುಷಿಯಾಗುವುದು ಬೇರೆ, ಬೇಕು ಅನ್ನಿಸುವುದು ಬೇರೆ. ನಡುಮಿದುಳಿನ ವೆಂಟ್ರಲ್ ಟೆಗ್ಮೆಂಟಲ್ ಏರಿಯಾದಿಂದ ನ್ಯೂಕ್ಲಿಯಸ್ ಅಕಂಬೆನ್ಸ್‌ಗೆ, ಅಂದರೆ ಮಿದುಳಲ್ಲಿ ಬಯಕೆಗೆ ಸಂಬಂಧಿಸಿದ ಭಾಗಕ್ಕೆ, ಹೋಗುವ ನರಗಳು ಅಲ್ಲಿ ಡೋಪಮೈನ್ ಬಿಡುತ್ತವೆ. ಡೋಪಮೈನ್ ಅಂದರೆ ಖುಷಿಯ ರಾಸಾಯನಿಕ ಅಂತ ಸುಮ್ನೆ ಹೇಳಿಬಿಡುತ್ತಾರೆ, ಆದರೆ ಅದರ ಮುಖ್ಯ ಕೆಲಸ ಬಯಕೆ ಎಬ್ಬಿಸುವುದು, ಯಾವುದರ ಹಿಂದೆ ಹೋಗಬೇಕು ಅಂತ ಕಲಿಸುವುದು. ವರ್ಷಗಟ್ಟಲೆ ಕುಡಿದವರಿಗೆ ಬಾಯಿಗೆ ಹನಿ ಬೀಳುವ ಮೊದಲೇ, ವಾಸನೆ ಸದ್ದಿಗೇ ಡೋಪಮೈನ್ ಏರುತ್ತದೆ. ಕುಡಿತ ಅಭ್ಯಾಸವಾದಂತೆ ಡಾರ್ಸಲ್ ಸ್ಟ್ರಯೇಟಮ್ ಅನ್ನೋ ಭಾಗದ ಹಿಡಿತ ಜಾಸ್ತಿಯಾಗುತ್ತದೆ, ಆಗ ಯೋಚಿಸುವ ಮೊದಲೇ ಕೈ ಚಾಚಿರುತ್ತದೆ. ಬೇಡ ಅಂತ ತಡೆಯಬೇಕಾದ್ದು ಹಣೆಯ ಹಿಂದಿನ ಪ್ರೀಫ್ರಂಟಲ್ ಕಾರ್ಟೆಕ್ಸ್. ನಿದ್ದೆಗೆಟ್ಟಾಗ, ಅವಮಾನವಾದಾಗ ಅದು ಇನ್ನೂ ಸೋಲುತ್ತದೆ. ದಯವಿಟ್ಟು ಬೈಯುವುದನ್ನು ನಿಲ್ಲಿಸಿ.

ಉತ್ತರ 2 (ಸೋಮವಾರಪೇಟೆ)
ಜಾಗದ್ದೂ ದೊಡ್ಡ ಪಾತ್ರ. ವಿಯೆಟ್ನಾಂ ಯುದ್ಧದಲ್ಲಿ ಹೆರಾಯಿನ್‌ಗೆ ಬಿದ್ದ ಅಮೆರಿಕದ ಸೈನಿಕರನ್ನು ಲೀ ರಾಬಿನ್ಸ್ ಅನ್ನೋ ಸಂಶೋಧಕಿ 1970ರ ದಶಕದಲ್ಲಿ ಅಧ್ಯಯನ ಮಾಡಿದ್ದರು. ಊರಿಗೆ ಮರಳಿದ ಮೇಲೆ ಬಹುತೇಕರು ಮತ್ತೆ ಚಟಕ್ಕೆ ಬೀಳಲಿಲ್ಲ. ಅವರಿಗೆ ಚಟ ಹತ್ತಿದ ಜಾಗ ಹಿಂದೆ ಉಳಿಯಿತು, ನಿಮ್ಮಣ್ಣ ಊರು ಬಿಟ್ಟು ಎಲ್ಲಿಗೆ ಹೋಗಬೇಕು ಹೇಳಿ? ಇಲ್ಲಿ ಮದುವೆಗೂ ಬಾಟ್ಲಿ, ಸುಗ್ಗಿ ಹಬ್ಬ ಪುತ್ತರಿಗೂ ಬಾಟ್ಲಿ, ಬೇಡ ಅಂದವನನ್ನು ಬಿಡುವುದೂ ಇಲ್ಲ. ನನಗೆ ಸಿಟ್ಟು ಬರುವುದು ಅದಕ್ಕೇ. ಈ ವರ್ಷ ಇಂಥ ಕಡೆಗೆಲ್ಲ ಅಣ್ಣನ ಜೊತೆ ನೀವೂ ಹೋಗಿ, ಊಟ ಮಾಡಿ ಬೇಗ ಹೊರಟುಬಿಡಿ. ಒತ್ತಾಯ ಮಾಡುವವರಿಗೆ ನೀವೇ ಬೇಡ ಅನ್ನಿ.

ಉತ್ತರ 3 (ಮತ್ತೆ ನರ್ಸ್)
ಒಂದು ಎಚ್ಚರಿಕೆ. ದಿನಾ ಜಾಸ್ತಿ ಕುಡಿಯುತ್ತಿದ್ದರೆ ಮನೆಯಲ್ಲೇ ದಿಢೀರ್ ನಿಲ್ಲಿಸಬೇಡಿ. ಮದ್ಯಕ್ಕೆ ಒಗ್ಗಿದ ಮಿದುಳು ಅದು ಸಿಗದಾಗ ವಿಪರೀತ ಕೆರಳುತ್ತದೆ, ಕೈನಡುಕ, ಫಿಟ್ಸ್, ಭ್ರಮೆ, ಕೆಲವೊಮ್ಮೆ ಜೀವಕ್ಕೇ ಅಪಾಯ. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಮಾತ್ರೆಯನ್ನು ಗೊತ್ತಾಗದಂತೆ ಸಾರಿಗೆ ಹಾಕುವುದಂತೂ ಬೇಡವೇ ಬೇಡ, ಅದರ ಮೇಲೆ ಕುಡಿದರೆ ಪ್ರಾಣಕ್ಕೆ ಕುತ್ತು. ಬಯಕೆ ತಗ್ಗಿಸುವ ನಾಲ್ಟ್ರೆಕ್ಸೋನ್ ಥರದ ಮಾತ್ರೆಗಳಿವೆ, ಲಿವರ್ ಪರೀಕ್ಷೆ ನೋಡಿ ಡಾಕ್ಟರೇ ಕೊಡಬೇಕು. ಮಡಿಕೇರಿಗೆ ಬರಲು ತಡವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಇವತ್ತೇ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.