ಪದಚರ್ಚೆ: ಹವಳ ತಿನ್ನುವ ಜೀವಿಗಳನ್ನು 'ಕೀಟ' ಎನ್ನಬಹುದೇ?

ಮಾನ್ಯರೇ,

ಮನೆಯ ಉಪ್ಪುನೀರಿನ ಅಕ್ವೇರಿಯಂನಲ್ಲಿ ಜೀವಂತ ಹವಳವನ್ನು ಸಾಕುವವರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿಯನ್ನು ಸಿದ್ಧಪಡಿಸುತ್ತಿದ್ದೇನೆ. ಹವಳವನ್ನು ತಿನ್ನುವ, ಹೀರುವ ಅಥವಾ ಅದರ ಜಾಗವನ್ನು ಕಬಳಿಸುವ ಸಣ್ಣ ಜೀವಿಗಳ ಅಧ್ಯಾಯದಲ್ಲಿ ಹೆಸರುಗಳದೇ ತೊಡಕಾಗಿದೆ. ಕರಡನ್ನು ಓದಿದವರು 'ಕೀಟ', 'ಪರಾವಲಂಬಿ', 'ಪೀಡೆ' ಎಂಬ ಮೂರು ಪದಗಳನ್ನು ಸೂಚಿಸಿದ್ದಾರೆ.

'ಕೀಟ' ನನಗೆ ಒಪ್ಪಿಗೆಯಿಲ್ಲ. ಇಲ್ಲಿ ಬರುವ ಜೀವಿಗಳಲ್ಲಿ ಒಂದೂ ಆರು ಕಾಲಿನ ಕೀಟವಲ್ಲ ಎಂಬುದು ಒಂದು ಕಾರಣ. 'ಕೀಟ' ಎಂದೊಡನೆ ಓದುಗರ ಮನಸ್ಸು 'ಕೀಟನಾಶಕ'ದತ್ತ ಹೊರಳುತ್ತದೆ, ಗಿಡಕ್ಕೆ ಸಿಂಪಡಿಸುವ ಔಷಧವು ತೊಟ್ಟಿಗೆ ಬಿದ್ದರೆ ಸಿಗಡಿ, ಏಡಿಗಳು ಉಳಿಯುವುದಿಲ್ಲ ಎಂಬುದು ಅದಕ್ಕಿಂತ ಮುಖ್ಯವಾದ ಕಾರಣ. 'ಪರಾವಲಂಬಿ' ಎಂಬುದು ಹವಳದ ಮೈಮೇಲೆಯೇ ಬಾಳುವ ಕೆಲವಕ್ಕೆ ಮಾತ್ರ ಸಲ್ಲುತ್ತದೆ. 'ಪೀಡೆ' ಜೀವಿಯ ಮೈಯನ್ನು ಹೇಳದೆ ಅದು ಕೊಡುವ ಕಾಟವನ್ನು ಹೇಳುತ್ತದೆ. ಕೃಷಿ ಬರಹಗಳಲ್ಲಿ 'ಪೀಡೆನಾಶಕ' ಈಗಾಗಲೇ ರೂಢಿಯಲ್ಲಿದೆ. ಬೈಗುಳದ ಛಾಯೆ ಇದೆಯೆಂದು ಒಬ್ಬರು ಆಕ್ಷೇಪಿಸಿದರು. ಈ ಜೀವಿಗಳ ವಿಷಯದಲ್ಲಿ ಅದು ಅನ್ಯಾಯವೇನೂ ಅಲ್ಲ. ಆದ್ದರಿಂದ ಒಟ್ಟು ಹೆಸರಾಗಿ 'ಪೀಡೆ'ಯನ್ನು ಉಳಿಸಿಕೊಂಡಿದ್ದೇನೆ.

ನಿಜವಾದ ಕಷ್ಟ 'ಹುಳು' ಎಂಬ ಪದದಲ್ಲಿದೆ. ನಮ್ಮ ಮಾತಿನಲ್ಲಿ ಎರೆಹುಳು, ರೇಷ್ಮೆಹುಳು, ಬಸವನಹುಳು ಎಲ್ಲವೂ ಹುಳುಗಳೇ. ರಾತ್ರಿ ಹೊತ್ತು ಹೆಸರೆತ್ತಬಾರದೆಂದು ಹಾವನ್ನೂ 'ಹುಳ' ಎನ್ನುವವರಿದ್ದಾರೆ. ಮಾತಿಗೆ ಇದು ಸಾಕು, ಮದ್ದಿಗೆ ಸಾಲದು. ಅಕ್ರೊಪೊರಾ ಎಂಬ ಕವಲೊಡೆದ ಹವಳದ ಮೇಲೆ ಎರಡು ಬಗೆಯ ಪೀಡೆಗಳು ಕಾಣಿಸಿಕೊಳ್ಳುತ್ತವೆ. ಒಂದು ಚಪ್ಪಟೆಹುಳು; ತಿಂದ ಹವಳದ ಬಣ್ಣವನ್ನೇ ತಳೆದು ಅದಕ್ಕೆ ಅಂಟಿಕೊಂಡಿರುವುದರಿಂದ ಕಣ್ಣಿಗೆ ಬೀಳುವುದು ಹುಳುವಲ್ಲ, ಅದು ಕಚ್ಚಿದಲ್ಲಿ ಉಳಿದ ದುಂಡನೆಯ ಮಸುಕು ಕಲೆಗಳು. 2011ರಲ್ಲಿ ಇದಕ್ಕೆ ಅಮಕುಸಪ್ಲಾನಾ ಅಕ್ರೊಪೊರೇ ಎಂಬ ಶಾಸ್ತ್ರೀಯ ನಾಮಧೇಯ ದೊರೆಯಿತು, ಮುಂದೆ ಇದನ್ನು ಪ್ರೊಸ್ಥಿಯೋಸ್ಟೋಮಮ್ ಕುಲಕ್ಕೆ ಸೇರಿಸಲಾಯಿತು. ಇನ್ನೊಂದು, ಸಾಕುವವರು 'ರೆಡ್ ಬಗ್' ಎನ್ನುವ, ಸುಮಾರು ಅರ್ಧ ಮಿಲಿಮೀಟರಿನ ಹಳದಿ ಮೈಯಲ್ಲಿ ಕೆಂಪು ಚುಕ್ಕೆಯಿರುವ ಟೆಗಾಸ್ಟೆಸ್ ಅಕ್ರೊಪೊರಾನಸ್. ಇದು ಸಿಗಡಿಯ ದೂರದ ನೆಂಟನಾದ ಸಂಧಿಪದಿ. ನಾಯಿಗಳ ಹೃದಯಹುಳುವಿಗೆಂದು ತಯಾರಾದ ಮಿಲ್ಬೆಮೈಸಿನ್ ಎರಡನೆಯದನ್ನು ಕೊಲ್ಲುತ್ತದೆ, ಜೊತೆಗೆ ತೊಟ್ಟಿಯಲ್ಲಿರುವ ಸಿಗಡಿ, ಏಡಿಗಳನ್ನೂ ಕೊಲ್ಲಬಲ್ಲದು. ಚಪ್ಪಟೆಹುಳುವಿನ ವಿಷಯದಲ್ಲಿ ಅದನ್ನು ನೆಚ್ಚುವಂತಿಲ್ಲ. ಎರಡನ್ನೂ 'ಹವಳದ ಹುಳು' ಎಂದು ಬರೆದರೆ ಓದುಗರು ಒಂದರ ಮದ್ದನ್ನು ಇನ್ನೊಂದಕ್ಕೆ ಹಾಕುವುದು ಖಚಿತ. ಹೀಗಾಗಿ ಶಾಲೆಯ ಪುಸ್ತಕಗಳಿಂದ ಬಂದ 'ಚಪ್ಪಟೆಹುಳು', 'ಸಂಧಿಪದಿ', 'ಮೃದ್ವಂಗಿ' ಎಂಬ ವರ್ಗನಾಮಗಳನ್ನು ಹಾಗೆಯೇ ಇಟ್ಟುಕೊಂಡಿದ್ದೇನೆ.

ಆದರೆ ವರ್ಗನಾಮವೊಂದೇ ಇದ್ದರೂ ಸಾಲದು. ನ್ಯೂಡಿಬ್ರ್ಯಾಂಕ್ ಎಂಬ ಚಿಪ್ಪಿಲ್ಲದ ಮೃದ್ವಂಗಿಗಳಲ್ಲಿ ಕೆಲವು ಮೊಂಟಿಪೊರಾ ಹವಳವನ್ನೂ ಕೆಲವು, ಹವಳದ ನೆಂಟರಾದ ಜೊವಾಂಥಿಡ್‌ಗಳನ್ನೂ ತಿಂದು ಮುಗಿಸುತ್ತವೆ, ಬರ್ಗಿಯಾ ಮಾತ್ರ ಐಪ್ಟೇಸಿಯಾ ಎಂಬ ಉಪದ್ರವಿ ಅನಿಮೋನನ್ನು (ಹೂವಿನಂತೆ ಕಾಣುವ ಕುಟುಕುವ ಕಡಲಪ್ರಾಣಿ) ತಿಂದು ಉಪಕಾರ ಮಾಡುತ್ತದೆ. ಹೆಸರಿನಲ್ಲಿ ಆಹಾರವೂ ಸೇರಬೇಕಾದುದು ಇದಕ್ಕಾಗಿ. 'ಹವಳಭಕ್ಷಕ' ಸುಲಭವಾಗಿ ಒದಗುತ್ತದೆಯಾದರೂ 'ನರಭಕ್ಷಕ' ಹುಲಿಯ ಗಾತ್ರವನ್ನು ನೆನಪಿಗೆ ತರುತ್ತದೆ. ಹಳಗನ್ನಡದಲ್ಲಿ ದುಂಬಿಗೆ 'ಬಂಡುಣಿ', ದೇವತೆಗಳಿಗೆ 'ಅಮರ್ದುಣಿ' ಎಂಬ ಪದಗಳಿವೆ. ಅದೇ ಜಾಡಿನಲ್ಲಿ 'ಹವಳುಣಿ' ಎಂದರೆ ಹೇಗೆ? 'ಹವಳುಣಿ ಚಪ್ಪಟೆಹುಳು', 'ಹವಳುಣಿ ಬಸವನಹುಳು' ಎಂದು ವರ್ಗನಾಮದ ಹಿಂದೆ ಇದು ಚೆನ್ನಾಗಿ ಕೂರುತ್ತದೆ. ದನದ ಮೈಯ 'ಉಣ್ಣೆ'ಯನ್ನು ಕೆಲವೆಡೆ 'ಉಣ್ಣಿ' ಎನ್ನುವುದರಿಂದ ಗೊಂದಲವಾದೀತೇ ಎಂಬ ಅಳುಕೊಂದು ಉಳಿದಿದೆ.

ಐಪ್ಟೇಸಿಯಾ ಹವಳವನ್ನು ತಿನ್ನುವುದಿಲ್ಲ; ಕುಟುಕಿ, ಒತ್ತರಿಸಿ, ಜಾಗ ಹಿಡಿಯುತ್ತದೆ. ಕೆರೆದು ತೆಗೆಯಹೋದರೆ ಕಲ್ಲಿನ ಮೇಲೆ ಉಳಿದ ಚೂರು ಮತ್ತೆ ಪೂರ್ಣ ಜೀವಿಯಾಗಿ ಬೆಳೆಯುತ್ತದೆ. ಇದಕ್ಕೆ 'ಕಳೆ' ಎನ್ನಬೇಕೆಂದು ನನ್ನ ಬಲವಾದ ಅಭಿಪ್ರಾಯ. ಪ್ರಾಣಿಯನ್ನು ಕಳೆಯೆನ್ನುವುದು ಶಾಸ್ತ್ರಕ್ಕೆ ವಿರುದ್ಧವೆನಿಸಬಹುದು, ಆದರೆ ಕಿತ್ತಷ್ಟೂ ಹಬ್ಬುವ ಕಳೆಯ ಗುಣವನ್ನು ಬಲ್ಲ ಓದುಗರು ಅದಕ್ಕೆ ಬ್ಲೇಡು ಹಾಕುವ ಮೊದಲು ಯೋಚಿಸುತ್ತಾರೆ.

ಉಪಚಾರದ ಪದಗಳು ಅಷ್ಟಾಗಿ ಕಾಡಲಿಲ್ಲ. ಹೊಸ ಹವಳದ ತುಣುಕನ್ನು ತೊಟ್ಟಿಗೆ ಬಿಡುವ ಮೊದಲು ಅಯೋಡಿನ್ ಮುಂತಾದ ದ್ರಾವಣದಲ್ಲಿ ಕೆಲ ನಿಮಿಷ ಇಡುವುದಕ್ಕೆ, ಸಸಿಯ ಬೇರನ್ನು ಅದ್ದಿ ನೆಡುವ ರೂಢಿಯಿಂದ 'ಅದ್ದುವಿಕೆ'ಯನ್ನು ತೆಗೆದುಕೊಂಡಿದ್ದೇನೆ. 'ಔಷಧಸ್ನಾನ' ಎಂದರೆ ಒಮ್ಮೆಗೇ ಶುದ್ಧಿಯಾಯಿತೆಂಬ ಭಾವ ಬರುತ್ತದೆ; ವಾಸ್ತವದಲ್ಲಿ ಚಪ್ಪಟೆಹುಳು ಹವಳದ ಬುಡದ ಸತ್ತ ಭಾಗದಲ್ಲಿಟ್ಟ ಮೊಟ್ಟೆಗಳು ಅದ್ದುವಿಕೆಗೆ ಸಾಯುವುದಿಲ್ಲ, ಅವನ್ನು ಕೆರೆದು ತೆಗೆಯಬೇಕು ಅಥವಾ ತುಣುಕನ್ನು ಬೇರೆ ತೊಟ್ಟಿಯಲ್ಲಿಟ್ಟು, ಮರಿಗಳು ಹೊರಬಂದಂತೆ ಹಲವು ವಾರಗಳವರೆಗೆ ಮತ್ತೆ ಮತ್ತೆ ಅದ್ದಬೇಕು. ಆ ಬೇರೆ ತೊಟ್ಟಿಗೆ 'ಕ್ವಾರಂಟೈನ್ ತೊಟ್ಟಿ' ಎಂದೇ ಬರೆದಿದ್ದೇನೆ, ಏಕೆಂದರೆ 'ದಿಗ್ಬಂಧನ'ದಲ್ಲಿ ಮಾಂತ್ರಿಕನ ನೆರಳಿದೆ.

ಆದ್ದರಿಂದ ಬಲ್ಲವರಲ್ಲಿ ನನ್ನ ವಿನಂತಿ ಎರಡು. 'ಹವಳುಣಿ'ಯು ಇಂದಿನ ಓದುಗರಿಗೆ ವಿವರಣೆಯಿಲ್ಲದೆ ಅರ್ಥವಾದೀತೇ, ಇಲ್ಲವಾದರೆ 'ಹವಳ ತಿನ್ನುವ' ಎಂದು ಬಿಡಿಸಿ ಬರೆಯುವುದೇ ಮೇಲೇ ಎಂಬುದನ್ನು ತಿಳಿಸಬೇಕು. ನ್ಯೂಡಿಬ್ರ್ಯಾಂಕ್‌ಗೆ ಕರಾವಳಿಯ ಮೀನುಗಾರರ ಮಾತಿನಲ್ಲಿ ಬಳಕೆಯ ಹೆಸರಿದ್ದರೆ, ಕನ್ನಡದ್ದಾಗಲಿ ತುಳು, ಕೊಂಕಣಿಯದಾಗಲಿ, ಅದನ್ನೂ ತಿಳಿಸಬೇಕು. ಇಂಗ್ಲಿಷ್ ಹೆಸರಿನ ಅರ್ಥವನ್ನೇ ಹಿಡಿದು ನಾನು ಕಟ್ಟಿದ 'ಬೆತ್ತಲೆಗಿವಿರು' (ಬೆತ್ತಲೆ ಕಿವಿರು) ಎಂಬುದು ನನಗೇ ಹಿಡಿಸಿಲ್ಲ.