‘ಉಬ್ಬಿದ ನರ’ ಸರಿಯೇ? ಊತ, ಬಾವು ಒಂದೆಯೇ?

ಪ್ರಶ್ನೆ: ವೆರಿಕೋಸ್ ವೇನ್ಸ್ ಕುರಿತ ಆರೋಗ್ಯ ಕೈಪಿಡಿಯಲ್ಲಿ ‘ಉಬ್ಬಿದ ನರ’ ಎನ್ನಬಹುದೇ, ‘ಅಭಿಧಮನಿ’ಯೇ ಬೇಕೇ? ಕಾಲು ಊದಿಕೊಳ್ಳುವುದಕ್ಕೆ ‘ಬಾವು’ ಎಂದರೆ ಸರಿಯೇ?

ಉತ್ತರ: ಮಾತಿನಲ್ಲಿ ‘ಕಾಲಿನ ನರ ಉಬ್ಬಿದೆ’ ಎನ್ನುವುದು ತಪ್ಪೇನಲ್ಲ. ನರ ನಮ್ಮದೇ ಹಳೆಯ ಪದ, ತಮಿಳಿನ ‘ನರಂಬು’ ಅದರ ನಂಟಿನದು. ರಕ್ತನಾಳ, ನರ್ವ್ ಎರಡಕ್ಕೂ ಸಲ್ಲುತ್ತದೆ. ಬರಹದಲ್ಲಿ ಮಾತ್ರ ಅದು ಈಗ ನರ್ವ್‌ಗೆ ಮೀಸಲಾಗಿದೆ. ಕೈಪಿಡಿಯಲ್ಲಿ ‘ನರ’ ಎಂದು ಬರೆದರೆ ಓದಿದವರು ನರರೋಗ ತಜ್ಞರ ಬಾಗಿಲಿಗೆ ಹೋಗುತ್ತಾರೆ. ಅವರಿಗೆ ಬೇಕಾದವರು ರಕ್ತನಾಳದ ಶಸ್ತ್ರವೈದ್ಯರು.

‘ಅಭಿಧಮನಿ’, ಅಂದರೆ ರಕ್ತವನ್ನು ಹೃದಯಕ್ಕೆ ಮರಳಿ ಒಯ್ಯುವ ನಾಳ (ವೇನ್), ಪಠ್ಯಪುಸ್ತಕದ ಪದ. ಹೃದಯದಿಂದ ರಕ್ತ ಹೊತ್ತು ತರುವ ‘ಅಪಧಮನಿ’ಗೂ ಅದಕ್ಕೂ ಒಂದಕ್ಷರದ ಅಂತರ, ಅಚ್ಚಿನಲ್ಲಿ ಅದಲುಬದಲಾಗುವುದು ಸುಲಭ. ಆ ತಪ್ಪು ಕಾಲಿಗೇ ಕುತ್ತು ತರಬಹುದು: ಬಿಗಿಯಾದ ಒತ್ತು ಕಾಲುಚೀಲ ಅಭಿಧಮನಿಯ ತೊಂದರೆಗೆ ಹಿತ, ಅಪಧಮನಿ ತೀರಾ ಕಿರಿದಾದ ಕಾಲಿಗೆ ಹಾಕಿದರೆ ಇರುವ ರಕ್ತವೂ ತಲುಪದೆ ಚರ್ಮ ಸಾಯಬಹುದು. ಆದ್ದರಿಂದ ಅಭಿಧಮನಿಗೆ ‘ಸಿರೆ’ ಎಂದು ಬರೆಯಿರಿ. ಚಿಕ್ಕದು, ಗೊಂದಲವಿಲ್ಲ.

ಬರೀ ‘ಉಬ್ಬಿದ’ ಎಂದರೂ ಸಾಲದು. ದುಡಿಯುವವರ ಕೈಯ ಸಿರೆಗಳೂ ಉಬ್ಬಿರುತ್ತವೆ, ಅದು ರೋಗವಲ್ಲ. ನಿಂತಾಗ 3 ಮಿಲಿಮೀಟರ್ ಅಥವಾ ಹೆಚ್ಚು ಅಗಲವಾಗಿ, ಚರ್ಮದಡಿ ಅಂಕುಡೊಂಕಾಗಿ ಕಾಣುವುದೇ ವೆರಿಕೋಸ್. ‘ತಿರುಚಿ ಉಬ್ಬಿದ ಸಿರೆ’ ಎಂದರೆ ಎರಡೂ ಲಕ್ಷಣ ಬಂದವು. 1 ಮಿಲಿಮೀಟರಿಗಿಂತ ಸಣ್ಣ ಕೆಂಪು, ನೀಲಿ ಎಳೆಗಳಿಗೆ ಈ ಹೆಸರು ಬೇಡ, ‘ಜೇಡಸಿರೆ’ ಒಪ್ಪುತ್ತದೆ. ‘ಸಿರೆ ಬ್ಲಾಕ್ ಆಗಿದೆ’ ಎಂದು ವಿವರಿಸುವುದನ್ನಂತೂ ಬಿಡಲೇಬೇಕು. ಸಾಮಾನ್ಯವಾಗಿ ಅಲ್ಲಿ ಕೆಟ್ಟಿರುವುದು ಕವಾಟ: ಸರಿಯಾಗಿ ಮುಚ್ಚದೆ, ಮೇಲೇರಿದ ರಕ್ತ ಮತ್ತೆ ಕೆಳಗಿಳಿಯುತ್ತದೆ. ‘ಕವಾಟ ಸೋರುತ್ತಿದೆ’ ಎನ್ನಿ.

ಬಾವು ಎಂದೊಡನೆ ಬಿಸಿ, ಕೆಂಪು, ನೋವು, ಕೆಲವೊಮ್ಮೆ ಕೀವು ಮನಸ್ಸಿಗೆ ಬರುತ್ತವೆ. ಬಾವು ‘ಒಡೆಯುತ್ತದೆ’, ಊತ ‘ಇಳಿಯುತ್ತದೆ’. ಕ್ರಿಯಾಪದವೇ ವ್ಯತ್ಯಾಸ ಹೇಳುತ್ತದೆ. ಸಂಜೆಗೆ ಏರಿ, ರಾತ್ರಿ ಕಾಲು ಎತ್ತರಿಸಿ ಮಲಗಿದರೆ ಬೆಳಿಗ್ಗೆಗೆ ತಗ್ಗುವುದು ಊತ. ಹರಡಿನ ಮೇಲ್ಗಡೆ, ಮೂಳೆಯ ಮೇಲೆ ಹೆಬ್ಬೆರಳನ್ನು ಹತ್ತು ಸೆಕೆಂಡು ಒತ್ತಿ ತೆಗೆಯಿರಿ. ಗುಳಿ ಹಾಗೇ ಉಳಿದರೆ ‘ಗುಳಿಬೀಳುವ ಊತ’. ಜನ ಇದನ್ನೇ ‘ಕಾಲಲ್ಲಿ ನೀರು ತುಂಬಿದೆ’ ಎನ್ನುತ್ತಾರೆ. ಸೊಗಸಾದ ಮಾತು, ಆದರೆ ಅದನ್ನು ಕೇಳಿ ಕುಡಿಯುವ ನೀರನ್ನೇ ಕಡಿಮೆ ಮಾಡುವವರಿದ್ದಾರೆ, ಒಂದು ಸಾಲಿನ ವಿವರಣೆ ಸೇರಿಸಿ.

‘ಆನೆಕಾಲು’ ದುಗ್ಧರಸದ (ಲಿಂಫ್) ನಾಳಗಳು ಕೆಟ್ಟು ಬರುವ ಬೇರೆಯೇ ತೊಂದರೆ. ಅದರಲ್ಲಿ ಕಾಲಿನ ಎರಡನೆಯ ಬೆರಳಿನ ಬುಡದ ಚರ್ಮ ದಪ್ಪಗಾಗಿ ಚಿವುಟಿ ಎತ್ತಲು ಬರುವುದಿಲ್ಲ. ಒಂದೇ ಕಾಲು ದಿಢೀರನೆ ಊದಿ ಮೀನಖಂಡ ನೋಯುತ್ತಿದ್ದರೆ ಆಳದ ಸಿರೆಯಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಅಲ್ಲಿ ‘ಊತ’ ಎಂದಷ್ಟೇ ಬರೆದು ಮುಂದೆ ಹೋಗಬೇಡಿ, ‘ಅದೇ ದಿನ ಆಸ್ಪತ್ರೆಗೆ’ ಎಂದು ದಪ್ಪಕ್ಷರದಲ್ಲಿ ಹಾಕಿ.